ವಾರಕ್ಕೊಂದು ಅವಧಿ, ಒಂದೇ ಪುಸ್ತಕದ ಆರು ಪ್ರತಿ: ವಿಜಯಪುರ ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ವಿಜಯಪುರ ಹಾಗೂ ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತ್, ವಿಜಯಪುರ ಇವರಿಗೆ,

ಸಿಂದಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಶಿಕ್ಷಕಿ ನಾನು. ಈ ಪತ್ರದಲ್ಲಿ ತಮ್ಮ ಮುಂದೆ ಎರಡು ಬೇಡಿಕೆಗಳನ್ನು ಇಡುತ್ತಿದ್ದೇನೆ. ಜಿಲ್ಲೆಯ ಎಲ್ಲ ಸರ್ಕಾರಿ ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದು ಅವಧಿಯನ್ನು, ಮಕ್ಕಳೇ ಗುಂಪು ಕಟ್ಟಿಕೊಂಡು ಒಂದು ಪುಸ್ತಕವನ್ನು ಓದಿ ಚರ್ಚಿಸುವುದಕ್ಕೆಂದು ಕಾಯಂ ಆಗಿ ಮೀಸಲಿಡಬೇಕು ಎಂಬುದು ಮೊದಲನೆಯದು. ಗ್ರಂಥಾಲಯ ಅನುದಾನದಲ್ಲಿ ಪುಸ್ತಕ ಕೊಳ್ಳುವಾಗ ನೂರು ಪುಸ್ತಕಗಳ ಒಂದೊಂದು ಪ್ರತಿಯ ಬದಲು ಕೆಲವೇ ಪುಸ್ತಕಗಳ ಆರಾರು ಪ್ರತಿಗಳನ್ನು ಕೊಳ್ಳಲು ಶಾಲೆಗಳಿಗೆ ಸ್ಪಷ್ಟ ಅನುಮತಿ ಕೊಡಬೇಕು ಎಂಬುದು ಎರಡನೆಯದು. ಈ ಎರಡು ಸಣ್ಣ ಬದಲಾವಣೆಗಳಿಗಾಗಿ ಬಹಿರಂಗವಾಗಿ ಬರೆಯಬೇಕೇ ಎಂದು ತಮಗೆ ಅನ್ನಿಸಬಹುದು. ಮೂರು ವರ್ಷಗಳಿಂದ ನನ್ನ ತರಗತಿಯಲ್ಲಿ ಕಂಡದ್ದನ್ನು ಪಾಲಕರೂ ನನ್ನ ಸಹೋದ್ಯೋಗಿಗಳೂ ಓದಲಿ ಎಂಬ ಆಸೆಯಿಂದ ಹೀಗೆ ಬರೆಯುತ್ತಿದ್ದೇನೆ.

ಎಂಟನೆಯ ತರಗತಿಗೆ ಬರುವ ಮಕ್ಕಳಲ್ಲಿ ಬಹಳ ಜನಕ್ಕೆ ಓದಲು ಬರುತ್ತದೆ. ಪಾಠವನ್ನು ಕೈಗೆ ಕೊಟ್ಟರೆ ಗಟ್ಟಿಯಾಗಿ, ಎಡವದೆ ಓದುತ್ತಾರೆ. ಪುಸ್ತಕ ಮುಚ್ಚಿಸಿ, ಈಗ ಓದಿದ್ದರಲ್ಲಿ ಏನಾಯಿತು ಹೇಳು ಎಂದರೆ ಮಗು ನನ್ನ ಮುಖ ನೋಡುತ್ತದೆ. ನಮ್ಮ ಶಿಕ್ಷಕರ ಕೋಣೆಯಲ್ಲಿ ಇದಕ್ಕೊಂದು ಮಾತೇ ಇದೆ: ‘ಓದ್ತಾವ, ಆದರ ಒಳಗ ಇಳಿಯಂಗಿಲ್ಲ.’ 2021ರ ಜುಲೈನಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯು ಮೂರನೆಯ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕು ಎಂದು ಗುರಿ ಇಟ್ಟಿದೆ. ಗುರಿ ಸರಿಯಾಗಿಯೇ ಇದೆ. ಆದರೆ ಗಡಿಯಾರ ಹಿಡಿದು ಪದಗಳನ್ನು ಎಣಿಸುವುದು ಸುಲಭ, ಅರ್ಥವನ್ನು ಅಳೆಯುವುದು ಕಷ್ಟ. ಹಾಗಾಗಿ ‘ಅರ್ಥಸಹಿತ’ ಎಂಬ ಮಾತು ಕಾಗದದಲ್ಲಿ ಉಳಿದು, 60 ಎಂಬ ಸಂಖ್ಯೆ ಮಾತ್ರ ತರಗತಿಯೊಳಗೆ ಬಂದಿದೆ. ಹಿರಿಯ ತರಗತಿಗಳಲ್ಲಿ ಆ ಜಾಗವನ್ನು ಗೈಡ್ ತುಂಬಿದೆ. ಪ್ರಶ್ನೆಯೂ ಅದರಲ್ಲಿದೆ, ಉತ್ತರವೂ ಅದರಲ್ಲಿದೆ. ಎರಡರ ನಡುವೆ ಮಗು ಪಾಠವನ್ನು ಓದಲೇಬೇಕಾದ ಅಗತ್ಯ ಉಳಿದಿಲ್ಲ.

ನಾನು ಬಹಳ ವರ್ಷ ಇದಕ್ಕೆ ಮದ್ದೆಂದು ಮಾಡಿದ್ದು ಇನ್ನಷ್ಟು ಪ್ರಶ್ನೆಗಳನ್ನು ಕೇಳುವುದು. ಅದರಿಂದ ಆಗದು ಎಂದು ಗೊತ್ತಾಗಲು ಸಮಯ ಹಿಡಿಯಿತು. ಉತ್ತರ ಗೊತ್ತಿದ್ದವರು ಕೇಳುವ ಪ್ರಶ್ನೆ ಪರೀಕ್ಷೆಯಂತಿರುತ್ತದೆ, ಮಗು ಅದಕ್ಕೆ ಉತ್ತರಿಸುವಾಗ ಪುಸ್ತಕ ನೋಡುವುದಿಲ್ಲ, ಟೀಚರ್ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುತ್ತದೆ. ಪಕ್ಕದಲ್ಲಿ ಕುಳಿತ ಗೆಳೆಯನೇ ನಿಜವಾಗಿ ತಿಳಿಯದೆ ಕೇಳಿದಾಗ ಮಾತ್ರ ಅದು ಪುಟ ತಿರುಗಿಸುತ್ತದೆ.

ಒಂದು ಗುರುವಾರದ ಸಂಗತಿಯನ್ನು ಹೇಳುತ್ತೇನೆ. ಶಾಲೆಯ ಬೇವಿನ ಮರದ ಕೆಳಗೆ ಎಂಟನೆಯ ತರಗತಿಯ ಆರು ಮಕ್ಕಳು ಒಂದು ಕತೆಪುಸ್ತಕ ಹಿಡಿದು ಕುಳಿತಿದ್ದರು. ಕತೆಯಲ್ಲಿ ಸಾಲಕ್ಕಾಗಿ ಮಗನು ಎಮ್ಮೆಯನ್ನು ಮಾರುತ್ತಾನೆ, ಅದೇ ರಾತ್ರಿ ಅವನ ಮುದಿ ತಾಯಿ ಬರಿದಾದ ಕೊಟ್ಟಿಗೆಗೆ ಹೋಗಿ ಮಲಗುತ್ತಾಳೆ. ಯಾಕೆ ಎಂದು ಲೇಖಕರು ಹೇಳಿಲ್ಲ. ಆ ದಿನ ಗುಂಪು ನಡೆಸುತ್ತಿದ್ದ ಹುಡುಗಿ ಕೇಳಿದ ಪ್ರಶ್ನೆ ಅದೇ.

‘ಸಿಟ್ಟಿಗೆದ್ದು ಹೋಗಿ ಮಲ್ಕೊಂಡಾಳ’ ಎಂದ ಒಬ್ಬ.

‘ಸಿಟ್ಟ ಬಂದೈತಿ ಅಂತ ಎಲ್ಲಿ ಬರದೈತಿ? ತೋರಸು’ ಎಂದಳು ಇನ್ನೊಬ್ಬಳು.

‘ಬರದಿಲ್ಲ. ಆದರ ಮಗನ ಕೂಡ ಮಾತೇ ಆಡೂದಿಲ್ಲ ನೋಡು.’

ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗನೊಬ್ಬ ಪುಟದ ಮೇಲೆ ಬೆರಳಿಟ್ಟ. ‘ಹಗ್ಗ ಸುತ್ತಿ ಗೂಟಕ್ಕ ಹಾಕ್ಯಾಳ. ಬೀಸಿ ಒಗದಿಲ್ಲ. ಸಿಟ್ಟಿದ್ದಾಕಿ ಹಿಂಗ ಸುತ್ತಿ ಇಡ್ತಾಳೇನು?’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇನ್ನೊಬ್ಬ ಹುಡುಗ, ‘ನಮ್ಮ ಮುತ್ಯಾನೂ ಎತ್ತು ಮಾರಿದ ದಿನ ಹಗ್ಗ ಹಂಗ ಇಟ್ಟಿದ್ದ. ಯಾರಿಗೂ ಮುಟ್ಟಗೊಡಲಿಲ್ಲ’ ಎಂದ.

ಆ ಹಗ್ಗದ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆ ಕತೆಯನ್ನು ನಾನು ಎರಡು ಸಲ ಓದಿದ್ದೆ. ಒಂದು ಸಾಲಿನಿಂದ ಪಾತ್ರದ ಮನಸ್ಸನ್ನು ಊಹಿಸುವುದು, ಊಹೆಗೆ ಪುಟದಲ್ಲಿ ಆಧಾರ ತೋರಿಸುವುದು, ಕಂಡದ್ದನ್ನು ತನ್ನ ಮನೆಯ ಅನುಭವದೊಂದಿಗೆ ಹೊಂದಿಸಿ ನೋಡುವುದು, ಇವೆಲ್ಲವನ್ನೂ ನಾವು ಓದುವ ಕೌಶಲ ಎಂದು ತರಬೇತಿಗಳಲ್ಲಿ ಬರೆದುಕೊಳ್ಳುತ್ತೇವೆ. ಆ ಮಕ್ಕಳು ಅವನ್ನು ನಾಲ್ಕು ಮಾತುಗಳಲ್ಲಿ ಮಾಡಿ ಮುಗಿಸಿದ್ದರು. ‘ಎಲ್ಲಿ ಬರದೈತಿ, ತೋರಸು’ ಎಂಬ ಮಾತನ್ನು ನಾನು ಅವರಿಗೆ ಕಲಿಸಿರಲಿಲ್ಲ. ಮೊದಲ ವರ್ಷದ ಮೂರನೆಯ ತಿಂಗಳಲ್ಲಿ ಅದು ಯಾವುದೋ ಜಗಳದಲ್ಲಿ ಹುಟ್ಟಿ, ಈಗ ಎಲ್ಲ ಗುಂಪುಗಳಲ್ಲೂ ಓಡಾಡುತ್ತಿದೆ.

ಈ ಪದ್ಧತಿ ನನ್ನ ಕಲ್ಪನೆಯೇನೂ ಅಲ್ಲ. ಅಮೆರಿಕದ ಸಂಶೋಧಕಿಯರಾದ ಪಾಲಿನ್ಸ್‌ಕರ್ ಮತ್ತು ಬ್ರೌನ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರ ಓದಲು ಬಂದರೂ ಅರ್ಥ ಹಿಡಿಯಲಾಗದ ಏಳನೆಯ ತರಗತಿಯ ಮಕ್ಕಳನ್ನೇ ತೆಗೆದುಕೊಂಡಿದ್ದರು. ಮುಂದೇನಾದೀತೆಂದು ಊಹಿಸುವುದು, ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು ಮತ್ತು ಸಾರ ಹೇಳುವುದು ಎಂಬ ನಾಲ್ಕು ಕೆಲಸಗಳನ್ನು ಮೊದಲು ದೊಡ್ಡವರು ಮಾಡಿ ತೋರಿಸಿ, ಆಮೇಲೆ ಮಕ್ಕಳೇ ಸರದಿಯಂತೆ ಗುರುವಿನ ಜಾಗದಲ್ಲಿ ಕುಳಿತು ನಡೆಸಿದರು. ಸುಮಾರು 20 ದಿನಗಳ ಇಂಥ ಅಭ್ಯಾಸದ ನಂತರ ಆ ಮಕ್ಕಳ ಗ್ರಹಿಕೆ ಎದ್ದು ಕಾಣುವಷ್ಟು ಸುಧಾರಿಸಿತು. ಮುಂದೆ ಷಿಕಾಗೋದ ಹಾರ್ವೆ ಡೇನಿಯಲ್ಸ್ ಅವರು 1990ರ ದಶಕದಲ್ಲಿ, ಮಕ್ಕಳೇ ಪುಸ್ತಕ ಆರಿಸಿಕೊಂಡು ಸಣ್ಣ ಗುಂಪುಗಳಲ್ಲಿ ಚರ್ಚಿಸುವ ಕ್ರಮವನ್ನು ಜನಪ್ರಿಯಗೊಳಿಸಿದರು. ಗುಂಪಿನ ಪ್ರತಿ ಮಗುವಿಗೂ ಒಂದು ಪಾತ್ರ ಕೊಡುವುದು ಆ ಕ್ರಮದಲ್ಲಿತ್ತು: ಒಬ್ಬರು ಪ್ರಶ್ನೆ ತರಬೇಕು, ಒಬ್ಬರು ಹೊಸ ಶಬ್ದ ಹಿಡಿಯಬೇಕು, ಒಬ್ಬರು ಚಿತ್ರ ಬರೆಯಬೇಕು, ಒಬ್ಬರು ಸಾರ ಹೇಳಬೇಕು.

ನಾನೂ ಹಾಗೆಯೇ ಆರಂಭಿಸಿದೆ. ಮೊದಲ ಕೆಲವು ವಾರ ಪಾತ್ರಗಳು ಊರುಗೋಲಿನಂತೆ ನೆರವಾದವು. ಸುಮ್ಮನೆ ‘ಚರ್ಚೆ ಮಾಡಿರಿ’ ಎಂದರೆ ಏನು ಮಾಡಬೇಕೆಂದು ಮಕ್ಕಳಿಗೆ ತಿಳಿಯುವುದಿಲ್ಲ, ಕೈಯಲ್ಲೊಂದು ಕೆಲಸವಿದ್ದರೆ ಬಾಯಿ ಬಿಡುತ್ತಾರೆ. ಎರಡು ತಿಂಗಳಾಗುವ ಹೊತ್ತಿಗೆ ಅವೇ ಪಾತ್ರಗಳು ಮಕ್ಕಳನ್ನು ಕಟ್ಟಿಹಾಕಿದವು. ಶಬ್ದ ಹುಡುಕುವ ಹುಡುಗ ಕತೆಯನ್ನೇ ಓದದೆ ಬರೀ ಕಠಿಣ ಶಬ್ದಗಳ ಮೇಲೆ ಕಣ್ಣಾಡಿಸಿ ಐದನ್ನು ಬರೆದು ತರುತ್ತಿದ್ದ. ಡೇನಿಯಲ್ಸ್ ಅವರೂ ಮುಂದೆ ಇದೇ ಎಚ್ಚರಿಕೆ ಕೊಟ್ಟಿದ್ದಾರೆ, ಪಾತ್ರದ ಹಾಳೆಗಳು ಆರಂಭದ ಆಸರೆಗಷ್ಟೇ ಇರಬೇಕೆಂದು. ಈಗ ನಮ್ಮಲ್ಲಿ ಉಳಿದಿರುವುದು ಎರಡೇ ಕಟ್ಟಳೆ. ಪ್ರತಿಯೊಬ್ಬರೂ ಎರಡು ಪ್ರಶ್ನೆ ಬರೆದು ತರಬೇಕು. ಅದರಲ್ಲಿ ಒಂದಾದರೂ, ಮಕ್ಕಳ ಮಾತಿನಲ್ಲೇ ಹೇಳುವುದಾದರೆ, ‘ಬೆರಳಿಟ್ಟು ತೋರಿಸುವ ಪ್ರಶ್ನೆ’ ಆಗಿರದೆ ‘ಕೂಡಿ ಹುಡುಕುವ ಪ್ರಶ್ನೆ’ ಆಗಿರಬೇಕು. ಎರಡನೆಯ ಕಟ್ಟಳೆಯನ್ನು ಕೊನೆಯಲ್ಲಿ ಹೇಳುತ್ತೇನೆ.

ಗುಂಪುಗಳು ತಾವಾಗಿಯೇ ಚೆನ್ನಾಗಿ ನಡೆಯುತ್ತವೆ ಎಂಬ ಭ್ರಮೆ ಬೇಡ. ಒಂದು ಗುಂಪಿನಲ್ಲಿ ಮಾತುಗಾರ ಹುಡುಗನೊಬ್ಬ ಉಳಿದ ಐವರಿಗೂ ಉತ್ತರ ಹೇಳಿಕೊಟ್ಟು ಕೂರಿಸುತ್ತಿದ್ದ. ಆಗ ಪ್ರತಿಯೊಬ್ಬರ ಮುಂದೆ ನಾಲ್ಕು ಹುಣಸೆ ಬೀಜ ಇಟ್ಟೆವು. ಒಮ್ಮೆ ಮಾತಾಡಿದರೆ ಒಂದು ಬೀಜ ನಡುವೆ ಹಾಕಬೇಕು, ಬೀಜ ತೀರಿದವರು ಉಳಿದವರದು ತೀರುವವರೆಗೆ ಕೇಳಿಸಿಕೊಳ್ಳಬೇಕು. ಹುಡುಗ ಮೊದಲ ಐದು ನಿಮಿಷದಲ್ಲೇ ಬೀಜ ಕಳೆದುಕೊಂಡು ಚಡಪಡಿಸಿದ. ನಾಲ್ಕನೆಯ ವಾರಕ್ಕೆ ಕೊನೆಯ ಬೀಜವನ್ನು ಮುಷ್ಟಿಯಲ್ಲಿ ಹಿಡಿದು, ಯಾವ ಮಾತಿಗೆ ಅದನ್ನು ಖರ್ಚು ಮಾಡಲಿ ಎಂದು ಯೋಚಿಸುತ್ತ ಕುಳಿತಿದ್ದನ್ನು ನಾನು ಕಂಡಿದ್ದೇನೆ. ಶಿಕ್ಷಕರ ಕೆಲಸವೂ ಇದರಿಂದ ಕಡಿಮೆಯಾಗುವುದಿಲ್ಲ, ಬೇರೆಯಾಗುತ್ತದೆ. ನಾನು ಗುಂಪಿನೊಳಗೆ ಕುಳಿತರೆ ಪ್ರತಿ ಮಾತಿಗೂ ಮಕ್ಕಳು ನನ್ನತ್ತ ತಿರುಗಿ ಒಪ್ಪಿಗೆ ಕೇಳುತ್ತಾರೆ. ಆದ್ದರಿಂದ ಸ್ವಲ್ಪ ದೂರದಲ್ಲಿ ನೋಟ್‌ಬುಕ್ ಹಿಡಿದು ಕುಳಿತು, ಯಾವ ವಾಕ್ಯವನ್ನು ತಪ್ಪಾಗಿ ತಿಳಿದರು, ಎಲ್ಲಿ ಸರ್ವನಾಮ ಯಾರನ್ನು ಸೂಚಿಸುತ್ತದೆಂದು ಗೊಂದಲಗೊಂಡರು ಎಂಬುದನ್ನು ಬರೆದುಕೊಂಡು ಮರುದಿನದ ಪಾಠದಲ್ಲಿ ಹತ್ತು ನಿಮಿಷ ಅದನ್ನೇ ತೆಗೆದುಕೊಳ್ಳುತ್ತೇನೆ. ನನ್ನ ವ್ಯಾಕರಣ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಗಳು ಹಿಂದೆಂದೂ ಸಿಕ್ಕಿರಲಿಲ್ಲ.

ನಮ್ಮ ಭಾಗಕ್ಕೆ ವಿಶೇಷವಾದ ಇನ್ನೊಂದು ಸಂಗತಿಯಿದೆ, ಅದನ್ನು ತಾವು ಗಮನಿಸಬೇಕೆಂದು ಕೋರುತ್ತೇನೆ. ನಮ್ಮ ಮಕ್ಕಳು ಆಡುವ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ನಡುವೆ ಅಂತರವಿದೆ. ಪುಸ್ತಕದಲ್ಲಿ ಪೊರಕೆ, ಸೌದೆ, ಮೊಟ್ಟೆ, ಈರುಳ್ಳಿ. ಮನೆಯಲ್ಲಿ ಕಸಬರಗಿ, ಕಟಗಿ, ತತ್ತಿ, ಉಳ್ಳಾಗಡ್ಡಿ. ಒಂದೊಂದೇ ಆದರೆ ಇವು ಸಣ್ಣ ತೊಡಕುಗಳು, ಒಂದು ಪುಟದಲ್ಲಿ ಇಂಥವು ಹತ್ತು ಬಂದರೆ ಮಗು ಕತೆಯಿಂದ ಹೊರಗೆ ಬೀಳುತ್ತದೆ. ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿಗೆ, ಮನೆಯಲ್ಲಿ ಉರ್ದು ಅಥವಾ ಮರಾಠಿ ಆಡುವ ಮಕ್ಕಳಿಗೆ ಈ ದಾರಿ ಇನ್ನೂ ಉದ್ದ. ಇಡೀ ತರಗತಿಯ ಎದುರು ‘ಪೊರಕೆ ಅಂದರೇನು’ ಎಂದು ಎದ್ದು ಕೇಳಲು ಅವರು ನಾಚುತ್ತಾರೆ, ಆರು ಜನರ ನಡುವೆ ಕೇಳುತ್ತಾರೆ. ಕೇಳಿದ ಕೂಡಲೇ ‘ಕಸಬರಗಿ ಅಲ್ಲೇನು’ ಎಂದು ಉತ್ತರ ಬರುತ್ತದೆ, ತಾಂಡಾದ ಹುಡುಗಿ ತನ್ನ ಮನೆಮಾತಿನ ಶಬ್ದವನ್ನೂ ಸೇರಿಸುತ್ತಾಳೆ. ಗುಂಪಿನಲ್ಲಿ ಮಾತು ಮನೆಯ ಕನ್ನಡದಲ್ಲೇ ನಡೆಯಲಿ ಎಂದು ನಾನು ಬಿಟ್ಟಿದ್ದೇನೆ. ಗ್ರಾಂಥಿಕ ಕನ್ನಡದಲ್ಲೇ ಚರ್ಚಿಸಬೇಕು ಎಂದರೆ ಚರ್ಚೆ ನಿಲ್ಲುತ್ತದೆ. ಪುಸ್ತಕದ ವಾಕ್ಯವನ್ನು ಹಿಡಿದು ತಮ್ಮ ಮಾತಿನಲ್ಲಿ ವಾದಿಸುತ್ತ ವಾದಿಸುತ್ತ ಆ ವಾಕ್ಯದ ರಚನೆ ಅವರ ಬರವಣಿಗೆಯೊಳಗೆ ತಾನಾಗಿಯೇ ಬರುವುದನ್ನು ನಾನು ಅವರ ಪ್ರಬಂಧಗಳಲ್ಲಿ ನೋಡುತ್ತಿದ್ದೇನೆ.

ಹಲಸಂಗಿ ನಮ್ಮದೇ ಜಿಲ್ಲೆಯ ಹಳ್ಳಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಅಲ್ಲಿ ಕೂಡಿ ಕುಳಿತು, ತಮ್ಮ ಊರಿನ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ ಪುಸ್ತಕವಾಗಿ ಹೊರತಂದರು. ಮನೆಯ ಮಾತು ಸಾಹಿತ್ಯಕ್ಕೆ ಅಡ್ಡಿಯಾಗುತ್ತದೆ ಎಂದು ಅವರು ಭಾವಿಸಲಿಲ್ಲ, ಒಬ್ಬೊಬ್ಬರೇ ಕುಳಿತು ಆ ಕೆಲಸ ಮಾಡಲೂ ಇಲ್ಲ. ಅಂಥ ಪರಂಪರೆಯಿರುವ ಜಿಲ್ಲೆಯಲ್ಲಿ ಕೂಡಿ ಓದುವುದು ಹೊರಗಿನಿಂದ ತಂದ ಹೊಸತು ಎಂದು ಯಾರೂ ಅನ್ನಬೇಕಾಗಿಲ್ಲ.

ಇದರ ಮಿತಿಯನ್ನೂ ಹೇಳಬೇಕು. ಒತ್ತಕ್ಷರ ಕೂಡಿಸಿ ಓದಲು ಬಾರದ ಮಗುವಿಗೆ ಈ ಗುಂಪು ಓದು ಕಲಿಸುವುದಿಲ್ಲ. ಆ ಮಗುವಿಗೆ ಬೇರೆಯಾಗಿ, ನಿತ್ಯ, ತಾಳ್ಮೆಯಿಂದ ಅಕ್ಷರಾಭ್ಯಾಸ ಮಾಡಿಸಲೇಬೇಕು, ಚರ್ಚಾಗುಂಪನ್ನು ಅದಕ್ಕೆ ಬದಲಿಯೆಂದು ಯಾರೂ ಭಾವಿಸಬಾರದು. ಆದರೆ ಓದು ಬಾರದು ಎಂಬ ಕಾರಣಕ್ಕೆ ಅಂಥ ಮಗುವನ್ನು ಗುಂಪಿನಿಂದ ಹೊರಗಿಡುವುದನ್ನೂ ನಾನು ಒಪ್ಪುವುದಿಲ್ಲ. ಜೊತೆಗಾರರು ಗಟ್ಟಿಯಾಗಿ ಓದಿ ಹೇಳಿದರೆ ಅದೂ ಯೋಚಿಸುತ್ತದೆ, ಪ್ರಶ್ನೆ ಕೇಳುತ್ತದೆ. ಹಗ್ಗದ ಸಾಲಿನ ಮೇಲೆ ಬೆರಳಿಟ್ಟ ಹುಡುಗ ಇನ್ನೂ ನಿಧಾನವಾಗಿ, ಪದ ಪದ ಬಿಡಿಸಿ ಓದುವವನು. ನಿಧಾನವಾಗಿ ಓದುವುದರಿಂದಲೇ ಆ ಸಾಲು ಅವನಿಗೆ ಸಿಕ್ಕಿತೋ ಏನೋ. ಇನ್ನು, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳ ಮಕ್ಕಳು ದೀಪಾವಳಿಯ ಆಸುಪಾಸಿನಲ್ಲಿ ಶಾಲೆ ಬಿಟ್ಟು ಹೊರಡುತ್ತಾರೆ, ಗುಂಪು ಒಡೆಯುತ್ತದೆ. ಅದಕ್ಕೆ ನನ್ನ ಬಳಿ ಪೂರ್ತಿ ಪರಿಹಾರವಿಲ್ಲ. ಕಳೆದ ವರ್ಷ ಹೊರಟ ಇಬ್ಬರ ಕೈಗೆ ಗುಂಪಿನ ಪುಸ್ತಕದ ಪ್ರತಿ ಕೊಟ್ಟು ಕಳಿಸಿದೆ, ಒಬ್ಬಳು ಅದನ್ನು ಓದಿ ಮುಗಿಸಿ ಮರಳಿ ತಂದಳು.

ಹಾಗೆ ಪುಸ್ತಕ ಕೊಟ್ಟು ಕಳಿಸುವುದು ಎಷ್ಟು ಶಾಲೆಗಳಲ್ಲಿ ಸಾಧ್ಯ ಎಂಬುದನ್ನು ತಾವು ಯೋಚಿಸಬೇಕು. ನನ್ನ ನೌಕರಿಯ ಆರಂಭದ ವರ್ಷಗಳಲ್ಲಿ ನಾನಿದ್ದ ಶಾಲೆಯೊಂದರಲ್ಲಿ ಕತೆಪುಸ್ತಕಗಳೆಲ್ಲ ಮುಖ್ಯೋಪಾಧ್ಯಾಯರ ಕೋಣೆಯ ಕಬ್ಬಿಣದ ಅಲಮಾರಿಯಲ್ಲಿ ಬೀಗದೊಳಗಿದ್ದವು. ಮಕ್ಕಳಿಗೆ ಕೊಡಿ ಎಂದು ಕೇಳಿದಾಗ, ಹಿಂದೆ ಕಳೆದ ಎರಡು ಪುಸ್ತಕಗಳ ಹಣವನ್ನು ಅದರ ಜವಾಬ್ದಾರಿ ಹೊತ್ತಿದ್ದ ಶಿಕ್ಷಕರು ತಮ್ಮ ಜೇಬಿನಿಂದ ತುಂಬಬೇಕಾಯಿತೆಂದು ಅವರು ಹೇಳಿದರು. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ. ದಾಸ್ತಾನು ವಹಿಯಲ್ಲಿ ಪುಸ್ತಕವನ್ನೂ ಕುರ್ಚಿಯನ್ನೂ ಒಂದೇ ರೀತಿ ಲೆಕ್ಕ ಹಿಡಿದರೆ ಯಾವ ಮುಖ್ಯೋಪಾಧ್ಯಾಯರಾದರೂ ಬೀಗವನ್ನೇ ಹಾಕುತ್ತಾರೆ. ಪುಸ್ತಕ ಸವೆಯುವ ವಸ್ತು. ನೂರು ಕೈ ತಿರುಗಿದ ಪುಸ್ತಕದ ಹೊದಿಕೆ ಹರಿಯುವುದು, ವರ್ಷಕ್ಕೆ ನಾಲ್ಕಾರು ಕಳೆಯುವುದು ಸಹಜ ಎಂದು ಒಪ್ಪಿ, ಅಷ್ಟನ್ನು ಶಾಲೆಯ ಹಂತದಲ್ಲೇ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಠರಾವಿನ ಮೂಲಕ ವಹಿಯಿಂದ ಕಡಿಮೆ ಮಾಡಲು ಅವಕಾಶ ಕೊಡುವ ಒಂದು ಪುಟದ ಸುತ್ತೋಲೆ ಹೊರಟರೆ ಜಿಲ್ಲೆಯ ಸಾವಿರಾರು ಪುಸ್ತಕಗಳು ಅಲಮಾರಿಯಿಂದ ಹೊರಬರುತ್ತವೆ.

ಹಣದ ಮಾತು ದೊಡ್ಡದೇನೂ ಅಲ್ಲ. ಪ್ರತಿ ಶಾಲೆಯಲ್ಲೂ ಕತೆಪುಸ್ತಕಗಳನ್ನೊಳಗೊಂಡ ಗ್ರಂಥಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಸಮಗ್ರ ಶಿಕ್ಷಣ ಯೋಜನೆಯು ಸರ್ಕಾರಿ ಶಾಲೆಗಳಿಗೆ ಅವುಗಳ ಹಂತಕ್ಕೆ ತಕ್ಕಂತೆ 5,000 ರೂಪಾಯಿಯಿಂದ 20,000 ರೂಪಾಯಿವರೆಗೆ ವಾರ್ಷಿಕ ಗ್ರಂಥಾಲಯ ಅನುದಾನಕ್ಕೆ ಅವಕಾಶ ಮಾಡಿದೆ. ಮಕ್ಕಳ ಪುಸ್ತಕವೊಂದಕ್ಕೆ 50 ರೂಪಾಯಿ ಎಂದು ಹಿಡಿದರೆ ಆರು ಪ್ರತಿಗೆ 300 ರೂಪಾಯಿ, ಅಂದರೆ 6,000 ರೂಪಾಯಿಯಲ್ಲಿ 20 ಕತೆಗಳ ಕಟ್ಟುಗಳು ಬರುತ್ತವೆ, ಒಂದು ಶಾಲೆಗೆ ಎರಡು ವರ್ಷಕ್ಕೆ ಸಾಕು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆಯಲ್ಲಿ, ಕನ್ನಡದ ಪ್ರಕಾಶಕರ ಪಟ್ಟಿಗಳಲ್ಲಿ ಇದಕ್ಕೆ ಒಗ್ಗುವ ಪುಸ್ತಕಗಳಿವೆ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿರುವ ಕನ್ನಡ ಕತೆಗಳನ್ನು ಮುಕ್ತ ಪರವಾನಗಿಯಡಿ ಉಚಿತವಾಗಿ ಮುದ್ರಿಸಿಕೊಳ್ಳಬಹುದು. ಈಗ ಒಂದೊಂದೇ ಪ್ರತಿ ಬರುವುದರಿಂದ ಆರು ಮಕ್ಕಳು ಒಂದೇ ಪುಸ್ತಕದ ಸುತ್ತ ಬಗ್ಗಿ ಕೂರುತ್ತಾರೆ, ಪುಟ ಯಾರ ಕೈಯಲ್ಲಿದೆಯೋ ಅವರೇ ಓದುತ್ತಾರೆ, ಉಳಿದವರು ಅವರ ಬಾಯಿ ನೋಡುತ್ತಾರೆ. ‘ಎಲ್ಲಿ ಬರದೈತಿ’ ಎಂದು ಕೇಳಬೇಕಾದರೆ ಪ್ರತಿಯೊಬ್ಬರ ಕೈಯಲ್ಲೂ ಪುಟ ಇರಬೇಕು.

ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಲ್ಲಿ ಒಂದು ಪ್ರತ್ಯೇಕ ವಿನಂತಿ. ಗ್ರಾಮ ಪಂಚಾಯತ್ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿ ಪಂಚಾಯತ್ ರಾಜ್ ಇಲಾಖೆಯ ಅಡಿಯಲ್ಲಿವೆ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿದೆ. ಬಾಗಿಲು ತೆರೆದದ್ದು ದೊಡ್ಡ ಕೆಲಸ. ಮಕ್ಕಳು ಒಳಗೆ ಬಂದು ಪುಸ್ತಕ ತೆಗೆದುಕೊಂಡು ಹೋಗುತ್ತಾರೆ, ಓದಿದ ಮೇಲೆ ಅದರ ಬಗ್ಗೆ ಮಾತಾಡಲು ಅವರಿಗೆ ಜೊತೆ ಇಲ್ಲ. ಪುಸ್ತಕದ ಕಟ್ಟುಗಳನ್ನು ಅರಿವು ಕೇಂದ್ರದಲ್ಲಿಟ್ಟು ಪಂಚಾಯತ್ ವ್ಯಾಪ್ತಿಯ ಮೂರು ನಾಲ್ಕು ಶಾಲೆಗಳಿಗೆ ಸರದಿಯಂತೆ ಕೊಟ್ಟರೆ, ಬೇಸಿಗೆ ರಜೆಯಲ್ಲಿ ಅದೇ ಮಕ್ಕಳು ಅಲ್ಲಿಯೇ ಗುಂಪು ನಡೆಸಿದರೆ, ಶಾಲೆ ಮುಚ್ಚಿದ ತಿಂಗಳುಗಳಲ್ಲಿ ಓದು ನಿಲ್ಲುವುದಿಲ್ಲ. ಗ್ರಂಥಪಾಲಕರನ್ನು ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ ಸಮಾಲೋಚನಾ ಸಭೆಗೆ ಕರೆದು ಒಂದು ಗುಂಪನ್ನು ಕಣ್ಣಾರೆ ತೋರಿಸಿದರೆ ಸಾಕು.

ಪರೀಕ್ಷೆಯ ಫಲಿತಾಂಶದ ಒತ್ತಡ ತಮ್ಮ ಮೇಲೆ ಎಷ್ಟಿದೆ ಎಂಬುದು ನನಗೆ ಗೊತ್ತು, ಅದೇ ಒತ್ತಡ ನನ್ನ ಮೇಲೂ ಇದೆ. ವಾರಕ್ಕೆ 40 ನಿಮಿಷ ಇದಕ್ಕೆ ಹೋದರೆ ಪಠ್ಯ ಹಿಂದುಳಿಯುತ್ತದೆ ಎಂಬ ಆತಂಕವನ್ನು ಸಹೋದ್ಯೋಗಿಗಳು ನನ್ನೆದುರು ಹೇಳಿದ್ದಾರೆ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಮೊದಲು ನೋಡಿರದ ಗದ್ಯವನ್ನು ಓದಿ ಉತ್ತರಿಸುವ ಭಾಗವಿದೆ, ಅದಕ್ಕೆ ಯಾವ ಗೈಡೂ ನೆರವಾಗದು. ವಿಜ್ಞಾನ, ಸಮಾಜ ವಿಜ್ಞಾನದ ಪ್ರಶ್ನೆಗಳನ್ನು ಕೂಡ ಮೊದಲು ಓದಿ ತಿಳಿಯಬೇಕು. ಗಣಿತದ ಲೆಕ್ಕ ಬರುತ್ತಿದ್ದರೂ ಪ್ರಶ್ನೆ ಏನು ಕೇಳುತ್ತಿದೆ ಎಂದು ತಿಳಿಯದೆ ಬಿಟ್ಟು ಬಂದ ಮಕ್ಕಳನ್ನು ನಮ್ಮ ಗಣಿತ ಶಿಕ್ಷಕರು ಪ್ರತಿ ವರ್ಷ ಕಾಣುತ್ತಾರೆ.

ಕಳಕಳಿಯ ಇನ್ನೊಂದು ಕೋರಿಕೆಯಿದೆ. ತಾವು ಇದನ್ನು ಜಾರಿಗೆ ತಂದರೆ ದಯವಿಟ್ಟು ಇದಕ್ಕೊಂದು ನಮೂನೆ ಮಾಡಬೇಡಿ. ಪ್ರತಿ ಗುರುವಾರದ ಫೋಟೋ, ಎಷ್ಟು ಮಕ್ಕಳು ಎಷ್ಟು ಪುಟ ಓದಿದರೆಂಬ ಕೋಷ್ಟಕ, ಸಂಜೆಯೊಳಗೆ ವಾಟ್ಸ್ಆ್ಯಪ್ ಗುಂಪಿಗೆ ವರದಿ, ಇವು ಆರಂಭವಾದ ದಿನವೇ ಮಕ್ಕಳು ಫೋಟೋಕ್ಕಾಗಿ ಪುಸ್ತಕ ಹಿಡಿದು ಕೂರುತ್ತಾರೆ. ಒಳ್ಳೆಯ ಕಾರ್ಯಕ್ರಮಗಳು ದಾಖಲೆಯ ಭಾರದಲ್ಲಿ ಕುಸಿದದ್ದನ್ನು ನನ್ನ ನೌಕರಿಯಲ್ಲಿ ನೋಡಿದ್ದೇನೆ. ವರ್ಷಕ್ಕೆ ಎರಡು ಸಲ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು ಬಂದು ಒಂದು ಗುಂಪಿನ ಪಕ್ಕದಲ್ಲಿ ಪೂರ್ತಿ ಅವಧಿ ಕುಳಿತು ಕೇಳಿಸಿಕೊಂಡು ಹೋಗಲಿ. ಮಕ್ಕಳು ಓದಿದ್ದಾರೋ ಇಲ್ಲವೋ ಎಂಬುದು ಅವರಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ನಿರ್ಧಾರ ತೆಗೆದುಕೊಳ್ಳುವ ಮೊದಲು ತಾವಿಬ್ಬರೂ ಯಾವುದಾದರೊಂದು ಗುರುವಾರ ನಮ್ಮ ಶಾಲೆಗೆ ಬರಬೇಕೆಂದು ಪ್ರಾರ್ಥಿಸುತ್ತೇನೆ. ಮಧ್ಯಾಹ್ನದ ಕೊನೆಯ ಅವಧಿ, ಬೇವಿನ ಮರದ ಕೆಳಗೆ. ಹಾರ, ಸ್ವಾಗತಗೀತೆ ಏನೂ ಇರುವುದಿಲ್ಲ. ಬರುವ ದಿನ ತಿಳಿಸಿದರೆ ಆ ವಾರದ ಪುಸ್ತಕದ ಎರಡು ಪ್ರತಿಗಳನ್ನು ಮೊದಲೇ ಕಳಿಸಿಕೊಡುತ್ತೇವೆ. ಮಕ್ಕಳು ತಾವೇ ಮಾಡಿಕೊಂಡ ಎರಡನೆಯ ಕಟ್ಟಳೆ ಅದು, ಶಿಕ್ಷಕರಿಗೂ ಅನ್ವಯಿಸುತ್ತದೆ: ಓದದೆ ಬಂದವರು ಕುಳಿತು ಕೇಳಿಸಿಕೊಳ್ಳಬಹುದು, ಮಾತಾಡಬೇಕೆಂದರೆ ಓದಿಕೊಂಡು ಬರಬೇಕು.

ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಶಿಕ್ಷಕಿ
ಸಿಂದಗಿ ತಾಲ್ಲೂಕು, ವಿಜಯಪುರ ಜಿಲ್ಲೆ